ಹೆಗಲಿಗೆ ಆಕಾಶ, ಕಿವಿಗೆ ರಸ್ತೆ

ಆತ್ಮೀಯ ಗೆಳತಿ,

ನಿಮ್ಮ ಪತ್ರ ತಲುಪಿತು. ರಾಯಚೂರಿನಿಂದ ಬೆಂಗಳೂರಿಗೆ ಬಂದು ಬ್ಯಾಂಕಿನ ಕೆಲಸಕ್ಕೆ ಸೇರಿದ್ದೀರಿ, ಪಿ.ಜಿ.ಯಿಂದ ಆಫೀಸಿಗೆ ಬಿಳಿಕೋಲು ಹಿಡಿದು ಒಬ್ಬರೇ ಹೋಗಿಬರಬೇಕೆಂದು ಮನಸ್ಸು ಮಾಡಿದ್ದೀರಿ ಎಂದು ತಿಳಿದು ತುಂಬ ಸಂತೋಷವಾಯಿತು. ಕಣ್ಣು ಕಾಣದ ನಮ್ಮಂಥವರಿಗೆ ಹೊಸ ಊರಿನ ಒಂದೇ ಒಂದು ದಾರಿ ನಮ್ಮದಾದರೂ ಆ ಊರಿನ ಅರ್ಧ ಭಯ ಹೋದಂತೆ.

ದಾರಿ ಹೇಳುವ ಫೋನನ್ನು ವ್ಯಾನಿಟಿ ಬ್ಯಾಗಿನೊಳಗೆ ಇಟ್ಟರೆ ನೀವು ಪಕ್ಕದ ರಸ್ತೆಯಲ್ಲಿದ್ದೀರಿ ಎನ್ನುತ್ತದೆ. ಕೈಯಲ್ಲಿ ಹಿಡಿದರೆ ಯಾರಾದರೂ ಕಸಿದುಕೊಂಡಾರು ಎಂದು ಅಮ್ಮನಿಗೆ ಚಿಂತೆ. ಇಯರ್‌ಫೋನ್ ಹಾಕಿಕೊಂಡರೆ ಗಾಡಿಗಳ ಸದ್ದೇ ಕೇಳುವುದಿಲ್ಲ. ಇವು ಮೂರು ತೊಂದರೆಗಳೆಂದು ಬರೆದಿದ್ದೀರಿ. ನನ್ನ ಲೆಕ್ಕದಲ್ಲಿ ಇದು ಒಂದೇ ಪ್ರಶ್ನೆ: ದಾರಿ ಹೇಳುವ ಯಂತ್ರವನ್ನು ಮೈಮೇಲೆ ಎಲ್ಲಿ, ಹೇಗೆ ಕಟ್ಟಿಕೊಳ್ಳಬೇಕು? ಯಾವ ಆ್ಯಪ್ ಒಳ್ಳೆಯದು ಎಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ, ಇದನ್ನು ಹೇಳುವವರು ಕಡಿಮೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಆಕಾಶದ ವಿಷಯ. ಜಿಪಿಎಸ್ ಉಪಗ್ರಹಗಳು ನಮ್ಮಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ನಾವಿರುವ ಜಾಗ ಸರಿಯಾಗಿ ಗೊತ್ತಾಗಲು ರಿಸೀವರಿಗೆ ಏಕಕಾಲಕ್ಕೆ ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಗಬೇಕು. ಅಷ್ಟು ದೂರದಿಂದ ಬರುವ ಸಂಕೇತ ನೆಲ ಮುಟ್ಟುವ ಹೊತ್ತಿಗೆ ತೀರಾ ಕ್ಷೀಣವಾಗಿರುತ್ತದೆ. ಬಟ್ಟೆ, ಪ್ಲಾಸ್ಟಿಕ್ ಅದನ್ನು ತಡೆಯುವುದಿಲ್ಲ. ಲೋಹ ತಡೆಯುತ್ತದೆ. ನಮ್ಮ ಮೈಯೂ ತಡೆಯುತ್ತದೆ, ಏಕೆಂದರೆ ದೇಹದ ಹೆಚ್ಚಿನ ಪಾಲು ನೀರು, ನೀರು ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಸೊಂಟದ ಪಕ್ಕ ತೂಗುವ ಬ್ಯಾಗಿನಲ್ಲಿ, ಸ್ಟೀಲಿನ ಟಿಫಿನ್ ಡಬ್ಬಿಯ ಕೆಳಗೆ ಫೋನಿದ್ದರೆ ಒಂದು ಕಡೆಯ ಆಕಾಶವನ್ನು ನಿಮ್ಮ ಮೈಯೇ ಮುಚ್ಚಿರುತ್ತದೆ, ಮೇಲಿನದನ್ನು ಡಬ್ಬಿ. ಪಕ್ಕದ ರಸ್ತೆ ಎಂದು ಅದು ಹೇಳುವುದು ಇದೇ ಕಾರಣಕ್ಕೆ. ಫೋನು ಕೆಟ್ಟಿಲ್ಲ, ಜಾಗ ತಪ್ಪಿದೆ.

ನಿಂತಾಗಲೂ ನಡೆದಾಗಲೂ ಆಕಾಶಕ್ಕೆ ತೆರೆದುಕೊಂಡಿರುವ ಜಾಗ ಹೆಗಲು. ನಿಮಗೆ ಸಿಕ್ಕಿರುವ, ಜಿಪಿಎಸ್ ಸಂಕೇತ ಹಿಡಿದು ಫೋನಿಗೆ ದಾಟಿಸುವ, ಬೆಂಕಿಪೊಟ್ಟಣದಷ್ಟು ಚಿಕ್ಕ ಬ್ಲೂಟೂತ್ ರಿಸೀವರಿಗಂತೂ ಅದೇ ಸರಿಯಾದ ಸ್ಥಾನ. ಅದರೊಳಗೆ ಚಪ್ಪಟೆಯಾದ ಆಂಟೆನಾ ಇರುತ್ತದೆ, ಅದರ ಮುಖ ಮೇಲಕ್ಕಿರಬೇಕು. ಎದೆಯ ಮೇಲೆ ನೇತಾಡಿದರೆ ಅದು ಎದುರಿನ ಗೋಡೆಗೆ ಮುಖ ಮಾಡಿರುತ್ತದೆ. ಬೆನ್ನುಚೀಲದ ಪಟ್ಟಿ ಹೆಗಲ ಮೇಲೆ ಹಾದುಹೋಗುವ ಕಡೆ, ಸಮತಟ್ಟಾಗಿ ಕೂರುವಂತೆ ಕಟ್ಟಿ. ಯಾವ ಮಗ್ಗುಲು ಮೇಲಕ್ಕೆ ಎಂದು ಬೆರಳಿಗೆ ತಿಳಿಯಲು ಒಂದು ಚೂರು ಒರಟು ಟೇಪು ಅಂಟಿಸಿಕೊಳ್ಳಿ.

ಫೋನಿನಲ್ಲೇ ಜಿಪಿಎಸ್ ಇರುವಾಗ ಈ ಹಳೆಯ ರಿಸೀವರ್ ಏಕೆ ಎಂದು ಕೇಳಿದ್ದೀರಿ. ಫೋನು ಮಾತ್ರವೇ ಇದ್ದರೂ ನಡೆಯುತ್ತದೆ. ರಿಸೀವರಿನ ಅನುಕೂಲವೆಂದರೆ, ಆಕಾಶ ಬೇಕಾದದ್ದು ಹೆಗಲ ಮೇಲೆ ಇರುತ್ತದೆ, ಕಳ್ಳನಿಗೆ ಬೇಕಾದದ್ದು ಬ್ಯಾಗಿನ ಒಳಜೇಬಿನಲ್ಲಿ ಭದ್ರವಾಗಿರುತ್ತದೆ. ಫೋನು ಅದರ ಮಾತು ಕೇಳಬೇಕಾದರೆ ಒಂದು ಆ್ಯಪ್ ಹಾಕಿ ಸೆಟ್ಟಿಂಗ್ ಬದಲಿಸಬೇಕಾಗಬಹುದು. ನಿಮ್ಮ ಅಣ್ಣ ಊರಿಂದ ಬಂದಾಗ ಮಾಡಿಸಿಕೊಳ್ಳಿ.

ಈ ಹೆಗಲ ಕಥೆಗೆ ಹಿನ್ನೆಲೆಯೂ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕ್ಯಾಂಪಸ್ಸಿನಲ್ಲಿ ರೆಜಿನಾಲ್ಡ್ ಗೋಲೆಜ್ ಎಂಬ ಭೂಗೋಳ ಶಾಸ್ತ್ರಜ್ಞರಿದ್ದರು. 1980ರ ದಶಕದಲ್ಲಿ ಅವರ ದೃಷ್ಟಿ ಹೋಯಿತು. ಜ್ಯಾಕ್ ಲೂಮಿಸ್ ಮತ್ತು ರಾಬರ್ಟಾ ಕ್ಲಾಟ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರ ಜೊತೆ ಸೇರಿ ಅವರು ಅಂಧರಿಗಾಗಿ ಉಪಗ್ರಹ ಆಧಾರಿತ ಮಾರ್ಗದರ್ಶಿಯೊಂದನ್ನು ಕಟ್ಟಿದರು. ಅದರ ಮೊದಲ ಮಾದರಿಯಲ್ಲಿ ಇಡೀ ಕಂಪ್ಯೂಟರನ್ನು ಬೆನ್ನಿಗೆ ಹೊರಬೇಕಿತ್ತು, ದಿಕ್ಸೂಚಿ ಹೆಡ್‌ಫೋನಿನ ಪಟ್ಟಿಯ ಮೇಲಿತ್ತು. ಆಗ ಅಮೆರಿಕ ಸರ್ಕಾರ ಸಾರ್ವಜನಿಕರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಕೆಡಿಸುತ್ತಿತ್ತು, ನೂರು ಮೀಟರಿನವರೆಗೂ ತಪ್ಪು ಬರಬಹುದಿತ್ತು. 2000ನೇ ಇಸವಿ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿದ ಮೇಲೆಯೇ ಜಿಪಿಎಸ್ ನಡೆಯುವವರ ಕೆಲಸಕ್ಕೆ ಬಂದದ್ದು. ಮುಂದೆ ಕೆನಡಾದ ಟ್ರೆಕ್ಕರ್‌ನಂಥ, ಮೈಮೇಲೆ ಧರಿಸುವ ಯಂತ್ರಗಳು ಬಂದವು. ಬೆನ್ನ ಹೊರೆ ಅಂಗೈಯಗಲಕ್ಕೆ ಇಳಿಯಿತು. ಆದರೆ ಮೈ ಅಲೆಗಳನ್ನು ತಡೆಯುವುದು ಅಂದೂ ಇಂದೂ ಒಂದೇ.

ನಮ್ಮ ಇಸ್ರೋದ ನಾವಿಕ್ ಉಪಗ್ರಹಗಳನ್ನೂ ಕೆಲವು ಹೊಸ ಫೋನುಗಳು ಹಿಡಿಯುತ್ತವೆ. ಅದರ ನ್ಯಾವಿಗೇಷನ್ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿದೆ. ಆ ಉಪಗ್ರಹಗಳು ಸದಾ ಭಾರತದ ಆಕಾಶದಲ್ಲೇ ಇರುವುದರಿಂದ ಹೆಗಲ ಮೇಲಿನ ಜಾಗಕ್ಕೆ ಇನ್ನಷ್ಟು ಬೆಲೆ.

ಈಗ ಭದ್ರತೆ. ಐ.ಡಿ. ಕಾರ್ಡಿನಂತೆ ಕೊರಳಿಗೆ ಹಾಕಿಕೊಳ್ಳುವುದು ಸುಲಭ, ಆದರೆ ಬಗ್ಗಿದಾಗ ಯಂತ್ರ ತೂಗಾಡುತ್ತದೆ, ಬಸ್ಸಿನ ಬಾಗಿಲಿಗೋ ಸೀಟಿನ ಕಂಬಿಗೋ ದಾರ ಸಿಕ್ಕಿಕೊಂಡರೆ ಕುತ್ತಿಗೆಗೇ ಅಪಾಯ. ಕೊರಳ ದಾರವೇ ಬೇಕೆಂದರೆ, ಜಗ್ಗಿದರೆ ತಾನೇ ಬಿಟ್ಟುಕೊಳ್ಳುವ ಪ್ಲಾಸ್ಟಿಕ್ ಲಾಕ್ ಹಿಂಭಾಗದಲ್ಲಿ ಇರುವುದನ್ನೇ ಕೊಳ್ಳಿ. ಕೆಳತುದಿಯನ್ನು ಕುರ್ತಾಕ್ಕೆ ಕ್ಲಿಪ್ ಮಾಡಿ.

ಫೋನಿಗೆ ನನಗೆ ಹಿಡಿಸಿರುವುದು ಬ್ಯಾಗು ರಿಪೇರಿ ಮಾಡುವವರ ಹತ್ತಿರ ಹೊಲಿಸಿದ ಪೌಚು. ಬೆನ್ನುಚೀಲದ ಎಡ ಪಟ್ಟಿಯ ಮೇಲೆ, ಕೊರಳ ಮೂಳೆಯ ಕೆಳಗೆ ಬರುವಂತೆ ಹೊಲಿಸಿ. ಕೋಲು ಬಲಗೈಯಲ್ಲಿದ್ದರೆ ಎಡಗೈಗೆ ಅದು ನೇರವಾಗಿ ಸಿಗುತ್ತದೆ. ರಿಸೀವರ್ ಹೆಗಲ ಮೇಲೆಯೇ ಇರಲಿ, ಅದಿಲ್ಲದೆ ಫೋನೊಂದನ್ನೇ ಒಯ್ಯುವ ದಿನ ಫೋನು ಈ ಪೌಚಿಗೆ ಬರಲಿ. ಸ್ಪೀಕರ್ ಮೇಲ್ಮುಖವಾಗಿರಲಿ, ಆ ಭಾಗಕ್ಕೆ ಜಾಲರಿ ಬಟ್ಟೆ ಇರಲಿ. ಬಾಯಿಗೆ ಅಗಲವಾದ ವೆಲ್ಕ್ರೋ ಹಾಕಿಸಿ, ಬೇರೆಯವರು ತೆರೆದರೆ ಅದರ ಪರಪರ ಸದ್ದು ನಿಮ್ಮ ಕಿವಿಯ ಬುಡದಲ್ಲೇ ಕೇಳುತ್ತದೆ. ಫೋನಿನ ಕೇಸಿಗೂ ಪಟ್ಟಿಗೂ ನಡುವೆ ಒಂದು ಗಟ್ಟಿ ಸುರುಳಿ ದಾರ ಇದ್ದರೆ ಕೈತಪ್ಪಿದರೂ ನೆಲಕ್ಕೆ ಬೀಳುವುದಿಲ್ಲ. ತುಂಬಿದ ಬಸ್ಸಿನಲ್ಲಿ ಚೀಲವನ್ನು ಎದೆಯ ಕಡೆಗೆ ತಿರುಗಿಸಿಕೊಳ್ಳಿ, ಒಳಜೇಬಿನ ಜಿಪ್ಪಿಗೆ ಒಂದು ಸೇಫ್ಟಿ ಪಿನ್ ಚುಚ್ಚಿ. ಸೀರೆ ಉಟ್ಟ ದಿನ ಸೆರಗಿನ ಪಿನ್ನಿಗೆ ರಿಸೀವರ್ ಸಿಕ್ಕಿಸಬೇಡಿ, ಅದರ ಭಾರಕ್ಕೆ ಬಟ್ಟೆ ಜಗ್ಗಿ ಹರಿಯುತ್ತದೆ. ಚೀಲದ ಪಟ್ಟಿಯೇ ಸಾಕು, ಮೇಲೆ ಸೆರಗೋ ವೇಲೋ ಬಿದ್ದರೆ ಅಡ್ಡಿಯಿಲ್ಲ. ಬಿಸಿಲಲ್ಲಿ ಅದು ಒಳ್ಳೆಯದೇ. ಅನೇಕ ಫೋನುಗಳಿಗೆ ತಯಾರಕರು ಹೇಳುವ ಮಿತಿ 35 ಡಿಗ್ರಿ, ನಿಮ್ಮ ರಾಯಚೂರಿನ ಮೇ ತಿಂಗಳು 40 ದಾಟುತ್ತದೆ. ಮಳೆಗೆ ತೆಳುವಾದ ಪ್ಲಾಸ್ಟಿಕ್ ಕವರ್ ಒಂದನ್ನು ಚೀಲದಲ್ಲಿ ಸದಾ ಇಟ್ಟುಕೊಳ್ಳಿ.

ಆಯಸ್ಕಾಂತವನ್ನು ಮಾತ್ರ ದೂರವಿಡಿ. ಫ್ಲಿಪ್ ಕವರಿನ ಬಟನ್ನು, ಪರ್ಸಿನ ಅಂಟುಗುಂಡಿ, ಇವು ಫೋನಿನ ದಿಕ್ಸೂಚಿಯನ್ನು ದಾರಿ ತಪ್ಪಿಸುತ್ತವೆ. ನಡೆಯುವಾಗ ಜಿಪಿಎಸ್ ನಿಮ್ಮ ಚಲನೆಯಿಂದಲೇ ದಿಕ್ಕು ತಿಳಿಯುತ್ತದೆ. ನಿಂತರೆ ಅದಕ್ಕೆ ದಿಕ್ಕು ಗೊತ್ತಾಗದು, ಆಗ ದಿಕ್ಸೂಚಿಯೇ ಗತಿ. ಕವಲಿನಲ್ಲಿ ನಿಂತು ಎಡವೋ ಬಲವೋ ಎನ್ನುವ ಹೊತ್ತಿಗೆ ಅದು ತಪ್ಪಿದರೆ ಕಷ್ಟ.

ಕೋಲಿಗೇ ಕಟ್ಟಬಹುದೇ ಎಂದಿದ್ದೀರಿ. ಬೇಡ. ಕೋಲು ಇಡೀ ದಿನ ನೆಲಕ್ಕೆ ಬಡಿಯುತ್ತದೆ, ಕೆಲವೊಮ್ಮೆ ಬೈಕಿನ ಚಕ್ರಕ್ಕೆ ಸಿಕ್ಕಿ ಮುರಿಯುತ್ತದೆ. ಕೋಲೂ ಯಂತ್ರವೂ ಒಂದೇ ಏಟಿಗೆ ಹಾಳಾಗುವ ಹಾಗೆ ಯಾವ ವ್ಯವಸ್ಥೆಯನ್ನೂ ಮಾಡಿಕೊಳ್ಳಬಾರದು. ಜೊತೆಗೆ, ಕೋಲಿನ ತುದಿ ಹೇಳುವ ನೆಲದ ಸುದ್ದಿ ಹಿಡಿಕೆಯ ಮೂಲಕವೇ ಅಂಗೈಗೆ ಬರಬೇಕು. ಹಿಡಿಕೆಯ ಬಳಿ ಭಾರ ಸೇರಿದರೆ ಆ ಸುದ್ದಿ ಮಂಕಾಗುತ್ತದೆ.

ಇನ್ನು ಕಿವಿ. ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ದಯವಿಟ್ಟು ರಸ್ತೆಗೆ ಇಳಿಯಬೇಡಿ. ಕಿವಿಯ ಮುಂದಿನ ಮೂಳೆಯ ಮೇಲೆ ಕೂತು ಕಂಪನದಿಂದ ಕೇಳಿಸುವ ಹೆಡ್‌ಫೋನುಗಳಿವೆ, ಅವು ಕಿವಿಯನ್ನು ಮುಚ್ಚುವುದಿಲ್ಲ. ಇಲ್ಲವಾದರೆ, ಫೋನು ಹೆಗಲ ಪೌಚಿನಲ್ಲಿರುವಾಗ ಅದರ ಸ್ಪೀಕರೇ ಸಾಕು. ರಸ್ತೆ ದಾಟುವ ಮುಂಚೆ ಮಾತನ್ನು ನಿಲ್ಲಿಸುವ ಬಟನ್ ಒತ್ತಿ. ಎಲೆಕ್ಟ್ರಿಕ್ ಸ್ಕೂಟರುಗಳ ಸದ್ದು ಮೊದಲೇ ಕಡಿಮೆ. ಆ ಕ್ಷಣದಲ್ಲಿ ನಿಮ್ಮ ಕಿವಿ ಪೂರ್ತಿ ರಸ್ತೆಯದ್ದಾಗಿರಬೇಕು.

ಎಷ್ಟು ಚೆನ್ನಾಗಿ ಕಟ್ಟಿಕೊಂಡರೂ ಈ ಯಂತ್ರಕ್ಕೆ ಮಿತಿ ಇದೆ. ತೆರೆದ ಆಕಾಶದಡಿಯಲ್ಲೂ ಫೋನು ಸಾಮಾನ್ಯವಾಗಿ ಸುಮಾರು 5 ಮೀಟರ್ ಆಚೀಚೆ ಹೇಳುತ್ತದೆ. ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ಸುತ್ತಿ ಬರುವುದರಿಂದ ತಪ್ಪು ಇನ್ನೂ ಹೆಚ್ಚು. ಎಂ.ಜಿ. ರಸ್ತೆಯಲ್ಲಿ ಮೆಟ್ರೋ ಸೇತುವೆಯ ಕೆಳಗೆ, ಅಂಡರ್‌ಪಾಸಿನಲ್ಲಿ ಅದನ್ನು ನಂಬಬೇಡಿ. ನೀವು ರಸ್ತೆಯ ಯಾವ ಬದಿಯಲ್ಲಿದ್ದೀರಿ ಎನ್ನುವುದೇ ಅದಕ್ಕೆ ಖಚಿತವಿಲ್ಲದಾಗ, ಕಿತ್ತ ಚಪ್ಪಡಿ, ಬಾಯಿ ತೆರೆದ ಚರಂಡಿ ಎಲ್ಲಿಂದ ತಿಳಿಯಬೇಕು? ಅವನ್ನು ಹೇಳುವುದು ಕೋಲು. ಆಫೀಸಿನ ಗೇಟಿಗೆ ಇನ್ನು ಇಪ್ಪತ್ತು ಹೆಜ್ಜೆ ಎನ್ನುವಲ್ಲಿಂದ ಬೇಕರಿಯ ವಾಸನೆ, ಇಳಿಜಾರು, ಜನರೇಟರಿನ ಸದ್ದು ಇವೇ ನಿಮ್ಮ ಗುರುತುಗಳು.

ಆದ್ದರಿಂದ ಬರುವ ಭಾನುವಾರ ಬೆಳಿಗ್ಗೆ, ವಾಹನ ಕಡಿಮೆ ಇರುವಾಗ, ಗೆಳತಿಯೊಬ್ಬರನ್ನು ಹಿಂದೆ ಬರಹೇಳಿ ಆಫೀಸಿನ ದಾರಿಯನ್ನು ನಡೆದು ನೋಡಿ. ಹೊರಡುವ ಮುನ್ನ ಪಿ.ಜಿ.ಯ ಗೇಟಿನಾಚೆ ಬಯಲಲ್ಲಿ ಒಂದೆರಡು ನಿಮಿಷ ನಿಲ್ಲಿ. ಪ್ರತಿ ಉಪಗ್ರಹವೂ ತನ್ನ ಕಕ್ಷೆಯ ವಿವರವನ್ನು 30 ಸೆಕೆಂಡಿಗೊಮ್ಮೆ ಪುನಃ ಕಳಿಸುತ್ತದೆ, ರಿಸೀವರ್ ಅದನ್ನು ಪೂರ್ತಿ ಕೇಳಿಸಿಕೊಳ್ಳಲಿ. ಹೋಗುವಾಗ ಯಂತ್ರದ ಜೊತೆ ಹೋಗಿ, ಬರುವಾಗ ಅದನ್ನು ಆಫ್ ಮಾಡಿ ಬನ್ನಿ. ಬ್ಯಾಟರಿ ಮುಗಿದ ದಿನವೂ ಮನೆ ಮುಟ್ಟುತ್ತೇನೆ ಎನ್ನುವ ಧೈರ್ಯ ಬಂದ ಮೇಲೆ ಈ ಯಂತ್ರ ನಿಮಗೆ ಹೊಸ ರಸ್ತೆಗಳನ್ನು, ಹೊಸ ಬಸ್‌ಸ್ಟಾಪುಗಳನ್ನು ಪರಿಚಯಿಸುತ್ತದೆ. ಅದರ ನಿಜವಾದ ಉಪಯೋಗ ಅದೇ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಪೌಚು ಹೊಲಿಸಿದ ಮೇಲೆ ಎಲ್ಲಿ ಜಗ್ಗುತ್ತದೆ, ಎಲ್ಲಿ ಸಡಿಲ ಎಂದು ಬರೆಯಿರಿ. ಒಬ್ಬೊಬ್ಬರ ಹೆಗಲೂ ಬೇರೆ, ನಡಿಗೆಯೂ ಬೇರೆ, ನಿಮ್ಮಿಂದ ನಾನು ಕಲಿಯುವುದೂ ಇದ್ದೇ ಇರುತ್ತದೆ.

ಪ್ರೀತಿಯಿಂದ,
ನಿಮ್ಮ ಗೆಳತಿ