ಹೊಸಹಳ್ಳಿಯ ಜಗಲಿಯಲ್ಲಿ ಹಾಡಿನ ಜಗಳ

ಹೊಸಹಳ್ಳಿಗೆ ಹೋಗಿ ಬಂದೆ ಎಂದರೆ ನೀವು ಮೊದಲು ಕೇಳುವ ಪ್ರಶ್ನೆ ನನಗೆ ಗೊತ್ತು: "ಯಾವ ಹೊಸಹಳ್ಳಿ?" ನಿಜವೇ. ನಮ್ಮ ನಾಡಿನಲ್ಲಿ ಎತ್ತ ಹೋದರೂ ಒಂದು ಹೊಸಹಳ್ಳಿ ಸಿಗುತ್ತದೆ, ಮತ್ತು ಅವುಗಳಲ್ಲಿ ಹೆಚ್ಚಿನವು ನಮ್ಮ ಮುತ್ತಜ್ಜಿಯರ ಕಾಲಕ್ಕೇ ಹಳತಾಗಿದ್ದವು! ನಾನು ಹೇಳುತ್ತಿರುವುದು ಕೂಡ್ಲಿಗಿ ತಾಲ್ಲೂಕಿನದು. ಬಸ್ಸಿನವರು ಕಾನಹೊಸಹಳ್ಳಿ ಎನ್ನುತ್ತಾರೆ. ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯಲ್ಲಿ, ಕೂಡ್ಲಿಗಿಗಿಂತ ಮೊದಲು ಸಿಗುತ್ತದೆ. ಬಳ್ಳಾರಿ ಜಿಲ್ಲೆಯಲ್ಲಿದ್ದ ಊರು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ.

ನೋಡಲು ಏನಿದೆ ಅಂತೀರಾ? ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂಥ ಬೋಳು ಗುಡ್ಡಗಳು, ಹುಣಸೆ ಮರಗಳು, ಕೆಂಪು ಹೊಲಗಳು. ಇದೇ ತಾಲ್ಲೂಕಿನ ಗುಡೇಕೋಟೆಯಲ್ಲಿ ಕರಡಿಧಾಮವಿದೆ. ಪಶ್ಚಿಮಕ್ಕೆ ಹೊರಟರೆ ಕೊಟ್ಟೂರು, ಅದರಾಚೆ ಹರಪನಹಳ್ಳಿ. ಆದರೆ ನಾನು ಹೋದದ್ದು ಗುಡ್ಡ ನೋಡಲಲ್ಲ, ನನ್ನ ದೊಡ್ಡವ್ವನ ಮನೆ ಖಾಲಿ ಮಾಡಿಸಲು.

ದೊಡ್ಡವ್ವನದು ಹಳೆಯ ಮಾಳಿಗೆ ಮನೆ. ಮಗ ಅದನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟಿಸುತ್ತಿದ್ದಾನೆ. ಸಾಮಾನೆಲ್ಲ ವಿಂಗಡಣೆ ಆಗಬೇಕಿತ್ತು. ಹಿತ್ತಾಳೆ ಪಾತ್ರೆ, ಬೀಸುವ ಕಲ್ಲು, ಹಗೇವಿನ ಕಾಲದ ಬುಟ್ಟಿಗಳು, ಇವಕ್ಕೆಲ್ಲ ಹೇಗೋ ಒಂದು ದಾರಿಯಾಯಿತು. ಕೊನೆಗೆ ಉಳಿದದ್ದು ಎರಡು ಟ್ರಂಕು ಕ್ಯಾಸೆಟ್ಟುಗಳು. ಮಗ ಹೇಳಿದ: "ಅವ್ವಾ, ಒಂದು ಟ್ರಂಕು ಇಟ್ಕ. ಎರಡಕ್ಕೆ ಜಾಗ ಇಲ್ಲ."

ಯಾವ ಟ್ರಂಕು, ಯಾವ ಕ್ಯಾಸೆಟ್ಟು? ಅಲ್ಲಿಂದ ಶುರುವಾಯಿತು ನೋಡಿ ಜಗಳ.

ಮೇ ತಿಂಗಳು, ಬಿತ್ತನೆ ಶೇಂಗಾ ಸುಲಿಯುವ ಕಾಲ. ಬೀಜದ ಶೇಂಗಾವನ್ನು ಇಲ್ಲಿ ಇನ್ನೂ ಅನೇಕರು ಕೈಯಲ್ಲೇ ಸುಲಿಯುತ್ತಾರೆ. ಯಂತ್ರಕ್ಕೆ ಹಾಕಿದರೆ ಕೆಂಪು ಸಿಪ್ಪೆ ಕಿತ್ತು ಬೀಜ ಒಡೆದು ಮೊಳಕೆ ಕೆಡುತ್ತದೆ. ಹೀಗಾಗಿ ಮಧ್ಯಾಹ್ನವಾಯಿತೆಂದರೆ ದೊಡ್ಡವ್ವನ ಜಗಲಿ ತುಂಬ ಹೆಂಗಸರು. ಬೆರಳಿಗೆ ಕೆಲಸ, ಬಾಯಿಗೆ ಬಿಡುವು. ಹಾಗಿರುವಾಗ ಟ್ರಂಕುಗಳನ್ನು ಮಧ್ಯಕ್ಕೆ ತಂದಿಟ್ಟರೆ ಸುಮ್ಮನಿರುತ್ತಾರೆಯೇ?

ದೊಡ್ಡವ್ವ ಚಿ. ಉದಯಶಂಕರ್ ಅವರ ಭಕ್ತೆ. ಹಾಡಿದವರ ಹೆಸರು ಎಲ್ಲರಿಗೂ ಗೊತ್ತಿರುತ್ತದೆ, ಬರೆದವರ ಹೆಸರು ಈ ಹಳ್ಳಿಯ ಹೆಣ್ಣುಮಗಳಿಗೆ ಹೇಗೆ ಗೊತ್ತು ಎಂದು ನಿಮಗೆ ಅನ್ನಿಸಬಹುದು. ರೇಡಿಯೋ! ಭದ್ರಾವತಿ, ಧಾರವಾಡ ಕೇಂದ್ರಗಳು ಪ್ರತಿ ಹಾಡಿಗೂ ಮುನ್ನ ಚಿತ್ರ, ಸಾಹಿತ್ಯ, ಸಂಗೀತ, ಗಾಯಕರು ಎಂದು ಬಿಡದೆ ಹೇಳುತ್ತಿದ್ದವು. ಒಲೆ ಮುಂದೆ ಕೂತು ಕೇಳಿದವರಿಗೆ ಅದು ಬಾಯಿಪಾಠ. ಟೆಂಟ್ ಸಿನಿಮಾದಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕದಲ್ಲೂ ಹೆಸರಿರುತ್ತಿತ್ತು. ಈಗ ಮೊಬೈಲಿನಲ್ಲಿ ಹಾಡು ಬರುತ್ತದೆ, ಬರೆದವರು ಯಾರೆಂದು ಹುಡುಕಿಕೊಂಡು ಹೋಗಬೇಕು. ಇದು ನನ್ನದೂ ಒಂದು ದೂರು.

"ಉದಯಶಂಕರನ್ನ ಒಂದೂ ತೆಗೀಬ್ಯಾಡ್ರಿ" ಎಂದಳು ದೊಡ್ಡವ್ವ. "ಸಂತ ತುಕಾರಾಂನಿಂದ ಹಿಡಿದು ಎಷ್ಟು ಬರ್ದಾನೆ! ರಾಜಕುಮಾರಗೆ ಮಾತೂ ಅವನೇ, ಹಾಡೂ ಅವನೇ."

ಸಂತ ತುಕಾರಾಂ 1963ರದು. ಅಲ್ಲಿಂದ ಮೂವತ್ತು ವರ್ಷ ಆತ ಬರೆದದ್ದು ಸಾವಿರಗಟ್ಟಲೆ. ಎರಡು ಕನಸು (1974), ಅದೇ ವರ್ಷದ ಸಂಪತ್ತಿಗೆ ಸವಾಲ್, ನಾ ನಿನ್ನ ಮರೆಯಲಾರೆ (1976), ಈ ಕ್ಯಾಸೆಟ್ಟುಗಳ ಬಗ್ಗೆ ಜಗಲಿಯಲ್ಲಿ ಎರಡು ಮಾತಿರಲಿಲ್ಲ. ಸಂಪತ್ತಿಗೆ ಸವಾಲ್‌ನಲ್ಲಿ ಎಮ್ಮೆಯ ಮೇಲೆ ಕೂತು ರಾಜಕುಮಾರ್ ಹಾಡುವುದನ್ನು ನೆನೆದು ಒಬ್ಬಾಕೆ ಸುಲಿಯುವುದನ್ನೇ ಬಿಟ್ಟು ನಕ್ಕಳು.

ಆಗ ಮೂಲೆಯಿಂದ ಒಂದು ಮೆಲುದನಿ ಬಂತು. "ಅತ್ತೆ, ಎಂಬತ್ತರ ಮೇಲಿನವು ಎಲ್ಲಾ ಒಂದೇ ಥರ ಅದಾವೆ ಅಲ್ಲೇನ್ರಿ? ಅದೇ ಚಂದ್ರ, ಅದೇ ಜೇನು, ಅದೇ ಹೂವು."

ಮಾತಾಡಿದ್ದು ಸೊಸೆ. ಹಡಗಲಿ ಕಡೆಯ ಹುಡುಗಿ. ಮದುವೆಯಾಗಿ ಹನ್ನೆರಡು ವರ್ಷ. ಹತ್ತು ಜನರ ಮುಂದೆ ಅತ್ತೆಯ ಮಾತಿಗೆ ಎದುರಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಜಗಲಿ ಗಪ್‌ಚಿಪ್ಪಾಯಿತು. ಶೇಂಗಾ ಚಿಟಚಿಟ ಒಡೆಯುವ ಸದ್ದು ಬಿಟ್ಟರೆ ಬೇರೇನಿಲ್ಲ.

ಅವಳ ಮಾತಿನಲ್ಲಿ ಸುಳ್ಳಿತ್ತೇ? ಇರಲಿಲ್ಲ. ಸಿನಿಮಾದಲ್ಲಿ ಹಾಡು ಬರೆಯುವುದು ಮನೆಯಲ್ಲಿ ಕೂತು ಕವನ ಬರೆದ ಹಾಗಲ್ಲ. ಎಷ್ಟೋ ಸಲ ಮಟ್ಟು ಮೊದಲು ಬರುತ್ತದೆ, ಅದಕ್ಕೆ ಅಳೆದು ಮಾತು ಹೊಂದಿಸಬೇಕು, ಅದೂ ರೆಕಾರ್ಡಿಂಗ್ ದಿನದೊಳಗೆ. ವರ್ಷಕ್ಕೆ ಅಷ್ಟೊಂದು ಚಿತ್ರಕ್ಕೆ ಬರೆದಾಗ ನಿನ್ನೆಯ ಮಾತು ಇಂದೂ ಬರುತ್ತದೆ. ದಿನಾ ಸಾರು ಮಾಡುವ ನಮಗೆ ಇದು ಗೊತ್ತಿಲ್ಲದ್ದೇನಲ್ಲ! ಇನ್ನೊಂದು ಮಾತು. ಆ ಕಾಲದ ಒಳ್ಳೆಯ ಹಾಡುಗಳೆಲ್ಲ ಉದಯಶಂಕರ್ ಅವರದೇ ಎಂದು ದೊಡ್ಡವ್ವ ನಂಬಿದ್ದೂ ಸರಿಯಲ್ಲ. ನಾಗರಹಾವು (1972) ಚಿತ್ರಕ್ಕೆ ಅವರ ಜೊತೆ ವಿಜಯನರಸಿಂಹ ಮತ್ತು ಆರ್. ಎನ್. ಜಯಗೋಪಾಲ್ ಬರೆದಿದ್ದಾರೆ. ಶುಭಮಂಗಳ (1975) ಚಿತ್ರಕ್ಕೆ ಎಂ. ಎನ್. ವ್ಯಾಸರಾವ್ ಬರೆದದ್ದನ್ನು ಇಂದಿಗೂ ಜನ ಗುನುಗುತ್ತಾರೆ.

ದೊಡ್ಡವ್ವ ಸೊಸೆಗೆ ಉತ್ತರ ಕೊಡಲಿಲ್ಲ. ಬೇರೆ ಕಡೆಯಿಂದ ಹೊಡೆದಳು. "ನಿಮ್ಮ ಹಂಸಲೇಖ ಏನು ಮಾಡ್ಯಾನವ್ವಾ? ಪ್ರೇಮಲೋಕದಾಗ ಅರ್ಧ ಇಂಗ್ಲೀಷು!"

1987ರಲ್ಲಿ ಪ್ರೇಮಲೋಕದ ಕ್ಯಾಸೆಟ್ಟು ಬಂದಾಗ ಊರೂರಲ್ಲಿ ಏನು ಗದ್ದಲ ಎಂಬುದು ನಿಮಗೂ ನೆನಪಿರಬಹುದು. ಸಾಹಿತ್ಯ, ಸಂಗೀತ ಎರಡೂ ಹಂಸಲೇಖ. ಮನೆಯ ಹಿರಿಯರು ಮುಖ ಸಿಂಡರಿಸಿದರು, ಕಿರಿಯರು ಟೇಪು ಸವೆಯುವವರೆಗೆ ಕೇಳಿದರು. ಆ ಬಳಿಕ ಅವರು ಬರೆದದ್ದರಲ್ಲಿ ಕೆಲವನ್ನು ಮಕ್ಕಳ ಮುಂದೆ ಹಾಕಲು ನನಗೂ ಮುಜುಗರವೇ. ಆದರೆ ಸೊಸೆ ಬಿಡಲಿಲ್ಲ. "ಮುತ್ತಿನ ಹಾರ ಅವರದೇ ಅಲ್ಲೇನ್ರಿ? ಗಾನಯೋಗಿ ಪಂಚಾಕ್ಷರಿ ಗವಾಯಿಗೆ ಸಂಗೀತ ಯಾರು ಮಾಡಿದ್ದು?" ಮುತ್ತಿನ ಹಾರ 1990ರದು. ಅದರಲ್ಲಿ ಬಾಲಮುರಳಿಕೃಷ್ಣ ಹಾಡಿದ್ದಾರೆ. ಗವಾಯಿಗಳ ಚಿತ್ರ 1995ರದು, ಹಂಸಲೇಖರಿಗೆ ರಾಷ್ಟ್ರಪ್ರಶಸ್ತಿ ತಂದದ್ದು. ಹಡಗಲಿ ಸೀಮೆಯಿಂದ ತುಂಗಭದ್ರೆ ದಾಟಿದರೆ ಗದಗಿನ ದಾರಿ. ಸೊಸೆಯ ತಾತ ಅಲ್ಲಿನ ವೀರೇಶ್ವರ ಪುಣ್ಯಾಶ್ರಮಕ್ಕೆ ನಡಕೊಳ್ಳುತ್ತಿದ್ದರಂತೆ. ಆ ಕ್ಯಾಸೆಟ್ಟನ್ನು ಅವಳು ತವರಿನಿಂದಲೇ ತಂದಿದ್ದಳು. ಅದೂ ಅತ್ತೆಯ ಟ್ರಂಕಿನೊಳಗೇ ಇತ್ತು, ಆದರೆ ಅವಳದೆಂದು ಯಾರಿಗೂ ಗೊತ್ತಿರಲಿಲ್ಲ.

ಹಗರಿಬೊಮ್ಮನಹಳ್ಳಿಯಲ್ಲಿ ಕಾಲೇಜು ಓದುವ ಮೊಮ್ಮಗಳು ನಡುವೆ ಬಾಯಿ ಹಾಕಿ, "ಮುಂಗಾರು ಮಳೆ, ಜಯಂತ ಕಾಯ್ಕಿಣಿ" ಎಂದಳು. ಅದು 2006ರ ಮಾತು, ಈ ಟ್ರಂಕುಗಳಿಗೆ ಸಂಬಂಧವಿಲ್ಲ ಎಂದು ಎಲ್ಲರೂ ಸೇರಿ ಅವಳ ಬಾಯಿ ಮುಚ್ಚಿಸಿದರು. ಪಾಪ!

ಈ ಮಧ್ಯೆ ಒಗ್ಗರಣೆ ಮಂಡಕ್ಕಿ ಬಂತು. ನಿಮಗಾಗಿ ಕೇಳಿಕೊಂಡು ಬಂದಿದ್ದೇನೆ. ಮಂಡಕ್ಕಿಯನ್ನು ನೀರಲ್ಲಿ ಅದ್ದಿ ಕೂಡಲೇ ಹಿಂಡಿ ತೆಗೆಯಿರಿ. ನೆನೆಯಲು ಬಿಟ್ಟಿರೋ, ಮುದ್ದೆ! ಎಣ್ಣೆಗೆ ಸಾಸಿವೆ, ಶೇಂಗಾ, ಹಸಿಮೆಣಸಿನಕಾಯಿ, ಕರಿಬೇವು, ಈರುಳ್ಳಿ, ಅರಿಶಿನ, ಸ್ವಲ್ಪ ಹುಣಸೆ ರಸ. ಮಂಡಕ್ಕಿ ಬೆರೆಸಿ, ಇಳಿಸುವಾಗ ಹುರಿಗಡಲೆ ಪುಡಿ ಉದುರಿಸಿ. ಪುಡಿಯಲ್ಲಿ ಕೈ ಹಿಡಿಯಬೇಡಿ.

ತಿನ್ನುತ್ತಾ ಪಕ್ಕದ ಮನೆಯ ನಿವೃತ್ತ ಟೀಚರಮ್ಮ ಮಾತೆತ್ತಿದರು. ಅವರು ಹರಪನಹಳ್ಳಿಯವರು. "ನೀವೆಲ್ಲ ಗಂಡಸರ ಹಾಡೇ ಎಣಿಸ್ತಿದೀರಿ. ನಮ್ಮ ಭೀಮವ್ವನ್ನ ಯಾವ ಟ್ರಂಕಿಗೆ ಹಾಕ್ತೀರಿ?"

ಹರಪನಹಳ್ಳಿ ಭೀಮವ್ವ (1823–1903) ಹರಿದಾಸರ ಸಾಲಿನ ಹೆಣ್ಣುಮಗಳು. ಭೀಮೇಶಕೃಷ್ಣ ಎಂಬ ಅಂಕಿತದಲ್ಲಿ ನೂರಾರು ಹಾಡು ಕಟ್ಟಿದಾಕೆ. ಸಣ್ಣ ಕೀರ್ತನೆಗಳೂ ಇವೆ, ನಳಚರಿತ್ರೆಯಂಥ ಉದ್ದನೆಯ ಕಥನದ ಹಾಡುಗಳೂ ಇವೆ. ಉದ್ದದ್ದು ಎಳೆದ ಹಾಗಲ್ಲವೇ, ಸಣ್ಣವೇ ಚೆಂದ ಎಂದು ನಾನು ಅಂದೆ. ಟೀಚರಮ್ಮ ನನ್ನ ಮುಂದಿನ ಶೇಂಗಾ ರಾಶಿ ತೋರಿಸಿದರು. "ಇಷ್ಟು ಸುಲಿಯೋಕೆ ಐದು ನಿಮಿಷದ ಹಾಡು ಸಾಕೇನ್ರಿ? ಕೆಲಸ ಎಷ್ಟುದ್ದ ಐತೋ ಹಾಡು ಅಷ್ಟುದ್ದ." ನನ್ನ ಬಾಯಿ ಕಟ್ಟಿತು. ಕ್ಯಾಸೆಟ್ಟಿನ ಒಂದು ಮಗ್ಗುಲು ಅರ್ಧ ಗಂಟೆ. ಅದರಲ್ಲಿ ಭೀಮವ್ವ ಹಿಡಿಸುವವಳಲ್ಲ.

ನನ್ನದೊಂದು ತಪ್ಪನ್ನೂ ಇಲ್ಲಿ ಹೇಳಿಬಿಡುತ್ತೇನೆ. ಕೆ. ಎಸ್. ನರಸಿಂಹಸ್ವಾಮಿಯವರೆಂದರೆ ನನಗೆ ಮೈಸೂರು ಮಲ್ಲಿಗೆ (1942) ಅಷ್ಟೆ. ನಂತರದ್ದೆಲ್ಲ ಇಳಿಜಾರು ಎಂದು ಯಾರೋ ಅಂದದ್ದನ್ನು ನಂಬಿದ್ದೆ. ಮದುವೆಯಲ್ಲಿ ಉಡುಗೊರೆ ಬಂದ ಅವರ ತೆರೆದ ಬಾಗಿಲು ಪುಸ್ತಕವನ್ನು ಇಪ್ಪತ್ತು ವರ್ಷ ತೆರೆಯಲೇ ಇಲ್ಲ. ಅದು 1976ರದು, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಕೊನೆಗೆ ಓದಿದ ರಾತ್ರಿ ನನಗೆ ನನ್ನ ಮೇಲೇ ಸಿಟ್ಟು ಬಂತು. ಮಲ್ಲಿಗೆಯ ಹುಡುಗ ವಯಸ್ಸಾಗಿ, ಮನೆ ನಡೆಸಿ, ದಣಿದು, ಬೇರೆಯೇ ಮಾತು ಕಲಿತಿದ್ದ. ನಾನು ಮಾತ್ರ ಅವನನ್ನು ಮದುಮಗನಾಗಿಯೇ ಇಟ್ಟುಕೊಂಡಿದ್ದೆ.

ಹೀಗಿದ್ದೂ ಹೊಸಹಳ್ಳಿಯಲ್ಲಿ ಮತ್ತೆ ಅದೇ ತಪ್ಪು ಮಾಡಿದೆ. ತೊಂಬತ್ತರ ನಂತರದ ಉದಯಶಂಕರ್ ಎಂದು ಕವರು ನೋಡಿ ಒಂದು ಕ್ಯಾಸೆಟ್ಟನ್ನು ಎಸೆಯುವ ಗುಡ್ಡೆಗೆ ಹಾಕಿದ್ದೆ. ಸೊಸೆ ಅದನ್ನು ತಿರುಗಿ ಎತ್ತಿಕೊಂಡಳು. ಜೀವನ ಚೈತ್ರ. ಏನೂ ಹೇಳದೆ ಪೆನ್ಸಿಲು ತೂರಿಸಿ ಸುರುಳಿ ಬಿಗಿ ಮಾಡಿ, ಹಳೆಯ ಟೇಪ್ ರೆಕಾರ್ಡರಿಗೆ ಹಾಕಿದಳು. ಸ್ವಲ್ಪ ಗೊರಗೊರ ಅಂದಿತು. ಆಮೇಲೆ ತೋಡಿ ರಾಗದಲ್ಲಿ ರಾಜಕುಮಾರ್ ದನಿ. 1992ರ ಈ ಹಾಡಿಗೇ ಅವರಿಗೆ ಗಾಯನದ ರಾಷ್ಟ್ರಪ್ರಶಸ್ತಿ ಬಂದದ್ದು. ಸಂಗೀತ ಉಪೇಂದ್ರಕುಮಾರ್ ಅವರದು, ಮಾತು ಉದಯಶಂಕರ್ ಅವರದು. ಶೇಂಗಾ ಸುಲಿಯುವ ಸದ್ದು ನಿಂತಿತು. ನಾನು ಜಗಲಿಯಲ್ಲಿ ಅಷ್ಟು ಹೊತ್ತು ಅಂಥ ಮೌನ ಕಂಡಿರಲಿಲ್ಲ.

ಹಾಡು ಮುಗಿದ ಮೇಲೆ ದೊಡ್ಡವ್ವ ಎಂದಳು: "ಮಾರನೇ ವರ್ಷ ಹೋಗಿಬಿಟ್ಟ."

ಹೌದು, 1993ರಲ್ಲಿ.

"ಎಂಬತ್ತರವು ಒಂದೇ ಥರ ಅದಾವೆ ಅಂದ್ಯಲ್ಲ, ಖರೇನೇ" ಎಂದು ಸೊಸೆಯ ಕಡೆ ತಿರುಗಿದಳು. "ಬುಟ್ಟಿ ಶೇಂಗಾ ಸುಲಿದ್ರೆ ಜೊಳ್ಳು ಬರೋದೇ. ತೆಗಿ. ಇದನ್ನ ಇಡು."

ಆಮೇಲೆ ವಿಂಗಡಣೆಯನ್ನು ಅತ್ತೆ ಸೊಸೆ ಇಬ್ಬರೇ ಮಾಡಿದರು. ನಮಗ್ಯಾರಿಗೂ ಕೈ ಹಚ್ಚಲು ಬಿಡಲಿಲ್ಲ. ಕೊಟ್ಟೂರು ಜಾತ್ರೆಯಲ್ಲಿ ಕೊಂಡ ರಾಘವೇಂದ್ರಸ್ವಾಮಿ ಹಾಡುಗಳು ಉಳಿದವು, ಪ್ರೇಮಲೋಕ ಉಳಿಯಿತು (ದೊಡ್ಡವ್ವನೇ ಇಟ್ಟಳು, ನಾನು ಕಣ್ಣಾರೆ ಕಂಡೆ), ಎಂಬತ್ತರ ಚಂದ್ರ-ಜೇನಿನವು ಬಹಳಷ್ಟು ಹೋದವು. ಟ್ರಂಕು ಮುಚ್ಚಲಿಲ್ಲ. ಸೊಸೆ ಮೇಲೆ ಕೂತು ಒತ್ತಿದಳು, ಆಗ ಚಿಲಕ ಬಿತ್ತು.

ಸಂಜೆ ಒಲೆಯ ಮುಂದೆ ನನ್ನೊಬ್ಬಳಿಗೇ ದೊಡ್ಡವ್ವ ಹೇಳಿದ್ದು ಇನ್ನೊಂದು. ಹೊಸ ಮನೆಯಲ್ಲಿ ನಿಂತು ಮಾಡುವ ಗ್ಯಾಸಿನ ಕಟ್ಟೆಯಂತೆ. ಕೂತು ರೊಟ್ಟಿ ಬಡಿಯುವ ಒಲೆಗೆ ಜಾಗವಿಲ್ಲ. "ನನ್ನ ರೊಟ್ಟಿ ಈಗೀಗ ದಪ್ಪ ಬರ್ತಾವೆ. ಸೊಸೆ ಬಾಯಿಬಿಟ್ಟು ಹೇಳಲ್ಲ, ಅಂಚು ಮುರಿದು ಬದಿಗಿಡ್ತಾಳೆ."

ಮರುದಿನ ಬೆಳಿಗ್ಗೆ ನನ್ನ ಬಸ್ಸಿಗೆ ಬುತ್ತಿ ಕಟ್ಟಬೇಕಿತ್ತು. ಸೊಸೆ ಹಿಟ್ಟಿಗೆ ಕೈ ಹಾಕಹೊರಟವಳು, ಏನನ್ನಿಸಿತೋ, ಮಣೆಯನ್ನು ಅತ್ತೆಯ ಕಡೆ ಸರಿಸಿ, "ನೀವೇ ಬಡೀರಿ ಅತ್ತೆ, ನಾ ಬೇಯಿಸ್ತೀನಿ" ಎಂದಳು. ಎಂಟು ರೊಟ್ಟಿ. ಎರಡು ದಪ್ಪವಾಗಿದ್ದವು, ಸುಳ್ಳು ಹೇಳುವುದಿಲ್ಲ. ಉಳಿದ ಆರನ್ನು ನಾನು ಚಿತ್ರದುರ್ಗ ದಾಟುವ ಮೊದಲೇ ಶೇಂಗಾ ಚಟ್ನಿ ಜೊತೆ ಮುಗಿಸಿದ್ದೆ.