ಅಪ್ಪ ನಗದ ಮಾತು

ಸಕಲೇಶಪುರದ ಕಡೆ ಪುಷ್ಯ ಮಳೆ ಹಿಡಿಯಿತೆಂದರೆ ಆಲೂರಿನ ನಮ್ಮ ಮನೆಯಲ್ಲಿ ಕರೆಂಟು ಹೋದಂತೆಯೇ. ಆಗ ಅಪ್ಪ ಟೇಪ್‌ರೆಕಾರ್ಡರಿಗೆ ಶೆಲ್ಲು ಹಾಕಿ 'ಲಂಚಾವತಾರ'ದ ಕ್ಯಾಸೆಟ್ಟು ಹಚ್ಚುತ್ತಿದ್ದರು. ಹೆಂಚಿನ ಮೇಲಿನ ಮಳೆಯನ್ನೂ ಮೀರಿಸಿ ಮಾಸ್ಟರ್ ಹಿರಣ್ಣಯ್ಯನವರ ಕಂಠ!

ನಾನು ನಕ್ಕು ಸುಸ್ತಾದಾಗ ಅಪ್ಪ ಆ ನಟನ ಕಥೆ ಹೇಳುವರು. 1934ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಹುಡುಗ, ಹೆಸರು ನರಸಿಂಹಮೂರ್ತಿ. ನಾಟಕದ ಕಂಪನಿ ನಡೆಸುತ್ತಿದ್ದ ತಂದೆ ಕೆ. ಹಿರಣ್ಣಯ್ಯನವರ 'ವಾಣಿ' ಚಿತ್ರದಲ್ಲಿ, 1943ರಲ್ಲಿ, ಬಾಲನಟ. 1953ರಲ್ಲಿ ತಂದೆ ತೀರಿಕೊಂಡಾಗ ಮಗನಿಗೆ 19 ವರ್ಷ. ಕಂಪನಿಯ ಭಾರ ಹೆಗಲಿಗೆ ಬಂತು. ಸ್ವಂತ ಹೆಸರು ಮರೆಯಾಗಿ ತಂದೆಯ ಹೆಸರೇ ನಿಂತಿತು. 1959ರಲ್ಲಿ ರಂಗಕ್ಕೆ ಬಂದ 'ಲಂಚಾವತಾರ' ಮುಂದೆ 10,000ಕ್ಕೂ ಹೆಚ್ಚು ಪ್ರಯೋಗ ಕಂಡಿತು.

"ಹತ್ತೊಂಬತ್ತಕ್ಕೇ ಕಣೋ" ಎನ್ನುವಾಗ ಅಪ್ಪನ ದನಿ ತಗ್ಗುತ್ತಿತ್ತು. ಅವರೂ ಅದೇ ವಯಸ್ಸಿಗೆ ತಂದೆಯನ್ನು ಕಳೆದುಕೊಂಡು, ಬಣ್ಣ ಹಚ್ಚುವ ಆಸೆ ಬಿಟ್ಟು, ಕಚೇರಿಯೊಂದರಲ್ಲಿ ಗುಮಾಸ್ತರಾದವರು. ಮಂತ್ರಿಗಳ ಮಾತಿಗೆ ಮನೆ ನಡುಗುವಂತೆ ನಗುತ್ತಿದ್ದವರು, ಕಚೇರಿಯ ಮೇಜಿನ ಮಾತು ಬಂದರೆ ಎದ್ದು, ಜಗಲಿಯಲ್ಲಿ ಒಣಗಲಿಟ್ಟ ಕೊಡೆ ತಿರುಗಿಸಲು ಹೋಗುವರು. ಕಾರಣ ಕೇಳುವ ಧೈರ್ಯ ನನಗೆ ಬರಲೇ ಇಲ್ಲ.

2019ರ ಮೇ ತಿಂಗಳಲ್ಲಿ ಹಿರಣ್ಣಯ್ಯನವರು ತೀರಿಕೊಂಡ ದಿನ ಅಪ್ಪ ಆ ಕ್ಯಾಸೆಟ್ಟು ಹುಡುಕಿಸಿದರು. ಟೇಪು ಸಿಕ್ಕುಹಾಕಿಕೊಂಡಿತ್ತು. ಪೆನ್ಸಿಲು ತೂರಿಸಿ, ಮೆಲ್ಲಗೆ ಸುತ್ತುತ್ತ ಕುಳಿತರು.