ಗಾಲಿಯ ಮೇಲಿನ ಮನೆ, ಬೆಟ್ಟದ ದಾರಿ

ಅಡುಗೆಮನೆ, ಹಾಸಿಗೆ, ಶೌಚಾಲಯ ಎಲ್ಲವನ್ನೂ ಹೊತ್ತು ಸಾಗುವ ವಾಹನವನ್ನು ಅಮೆರಿಕನ್ನರು ಆರ್.ವಿ. ಎನ್ನುತ್ತಾರೆ. ಬೇಸಿಗೆ ರಜೆ ಬಂತೆಂದರೆ ಎಷ್ಟೋ ಕುಟುಂಬಗಳು ಈ ಗಾಲಿಮನೆಯೇರಿ ದಕ್ಷಿಣ ಡಕೋಟಾದ ಹುಲ್ಲುಬಯಲಿನಿಂದ ಮೊಂಟಾನಾದ ಪರ್ವತಗಳತ್ತ ಹೊರಡುತ್ತವೆ. ಆದರೆ ಈ ಪ್ರವಾಸಕ್ಕೆ ಪೆಟ್ಟಿಗೆಗಿಂತ ಮೊದಲು ಬೇಕಾದದ್ದು ಒಂದು ಅಳತೆಪಟ್ಟಿ!

ಕಾರಣವಿಷ್ಟೆ. ಮೊಂಟಾನಾದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ‘ಗೋಯಿಂಗ್ ಟು ದ ಸನ್’ ಎಂಬ ಹೆಸರಾಂತ ರಸ್ತೆಯಿದೆ. 1933ರಲ್ಲಿ ಉದ್ಘಾಟನೆಯಾದ ಈ ರಸ್ತೆ ಬೆಟ್ಟದ ಪಕ್ಕೆಯನ್ನೇ ಕಡಿದು 6,646 ಅಡಿ ಎತ್ತರದ ಲೋಗನ್ ಪಾಸ್‌ಗೆ ಏರುತ್ತದೆ. ಇದರ ಮೇಲ್ಭಾಗದಲ್ಲಿ 21 ಅಡಿಗಿಂತ ಉದ್ದ ಅಥವಾ 8 ಅಡಿಗಿಂತ ಅಗಲವಾದ ವಾಹನಗಳಿಗೆ ಪ್ರವೇಶವಿಲ್ಲ. ಹಿಮ ತೆರವಾಗಿ ದಾರಿ ಪೂರ್ತಿ ತೆರೆಯುವುದೂ ಸಾಮಾನ್ಯವಾಗಿ ಜೂನ್ ಕೊನೆಗೆ ಅಥವಾ ಜುಲೈ ಮೊದಲಿಗೆ. ಮನೆ ದೊಡ್ಡದಾದಷ್ಟೂ ದಾರಿ ಕಿರಿದಾಗುತ್ತದೆ ಎಂಬ ಪಾಠ ಇಲ್ಲಿದೆ. ಗಾಲಿಮನೆಯನ್ನು ಬಾಡಿಗೆಗೆ ಹಿಡಿಯುವ ಮುನ್ನವೇ ಇದನ್ನು ತಿಳಿದಿರುವುದು ಜಾಣತನ.

ಪೂರ್ವದಿಂದ ಬರುವವರಿಗೆ ಮೊದಲು ಸಿಗುವುದು ಬ್ಯಾಡ್‌ಲ್ಯಾಂಡ್ಸ್. ಮಳೆಗಾಳಿ ಕೊರೆದ ಪದರಗಲ್ಲುಗಳ ಈ ನಾಡಿನಲ್ಲಿ 2010ರಲ್ಲಿ ಏಳು ವರ್ಷದ ಬಾಲಕಿಯೊಬ್ಬಳ ಕಣ್ಣಿಗೆ ಕತ್ತಿಹಲ್ಲಿನ ಬೆಕ್ಕಿನಂಥ ಪ್ರಾಣಿಯ ಪುರಾತನ ತಲೆಬುರುಡೆ ಬಿತ್ತು. ಆಕೆ ಅದನ್ನು ಕೀಳದೆ ಉದ್ಯಾನದ ಸಿಬ್ಬಂದಿಗೆ ತಿಳಿಸಿದ್ದರಿಂದಲೇ ವಿಜ್ಞಾನಕ್ಕೆ ಅದು ದಕ್ಕಿತು.

ಮುಂದೆ ಬ್ಲ್ಯಾಕ್ ಹಿಲ್ಸ್. 1927ರಿಂದ 1941ರವರೆಗೆ ಕೆತ್ತಿದ ನಾಲ್ವರು ಅಧ್ಯಕ್ಷರ ಮುಖಗಳು ಇಲ್ಲಿನ ಮೌಂಟ್ ರಶ್‌ಮೋರ್‌ನಲ್ಲಿವೆ. ಇದೇ ಬೆಟ್ಟಗಳು ಲಕೋಟಾ ಜನರಿಗೆ ಪವಿತ್ರ. 1868ರ ಒಪ್ಪಂದದಲ್ಲಿ ಅವರಿಗೆ ಉಳಿದಿದ್ದ ಈ ನೆಲವನ್ನು ಸರ್ಕಾರ 1877ರಲ್ಲಿ ಕಸಿದುಕೊಂಡಿತು. 1980ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರದ ಹಣ ನೀಡುವ ತೀರ್ಪನ್ನು ಎತ್ತಿಹಿಡಿದರೂ ಅವರು ಅದನ್ನು ಮುಟ್ಟಲಿಲ್ಲ, ಕೇಳಿದ್ದು ನೆಲವನ್ನು. ಕಲ್ಲಿನ ಮುಖ ನೋಡುವ ಮಕ್ಕಳು ಈ ಕಥೆಯನ್ನೂ ಅರಿತಿರಬೇಕು.

1872ರಲ್ಲಿ ಸ್ಥಾಪನೆಯಾದ ಯೆಲ್ಲೊಸ್ಟೋನ್‌ನಲ್ಲಿ ಬಿಸಿನೀರ ಬುಗ್ಗೆಗಳಷ್ಟೇ ಅಲ್ಲ, ಕಾಡೆಮ್ಮೆಯಂಥ ಬೈಸನ್‌ಗಳೂ ರಸ್ತೆಗೇ ಬರುತ್ತವೆ. ಅವುಗಳಿಂದ ಕನಿಷ್ಠ 23 ಮೀಟರ್, ಕರಡಿ ತೋಳಗಳಿಂದ 91 ಮೀಟರ್ ದೂರವಿರಬೇಕೆಂಬುದು ನಿಯಮ. ಕರಡಿಗಳ ಓಡಾಟವಿರುವ ಫಿಶಿಂಗ್ ಬ್ರಿಜ್ ತಂಗುದಾಣದಲ್ಲಿ ಬಟ್ಟೆಯ ಡೇರೆಗೆ ಅವಕಾಶವಿಲ್ಲ. ಗಟ್ಟಿ ಗೋಡೆಯ ವಾಹನವೇ ಬೇಕು.

ದಿನದ ದಾರಿ ಲೆಕ್ಕ ಹಾಕುವ ಕೆಲಸ ಮಗಳಿಗೆ, ನೀರಿನ ತೊಟ್ಟಿ ನೋಡಿಕೊಳ್ಳುವುದು ಮಗನಿಗೆ, ಕೊಳೆನೀರು ಖಾಲಿ ಮಾಡುವುದು ಅಪ್ಪನಿಗೆ ಎಂದು ಹಂಚಿಕೊಂಡರೆ ಪ್ರವಾಸವೇ ಪಾಠಶಾಲೆ. ದಿನಕ್ಕೊಂದು ಊರು ಓಡುವ ಬದಲು ಒಂದೆಡೆ ಎರಡು ರಾತ್ರಿ ತಂಗಿದರೆ ಆ ಪಾಠ ಮನಸ್ಸಿನಲ್ಲೂ ನಿಲ್ಲುತ್ತದೆ.